ನಮ್ಮ ಭಜನಾ ಮಂಡಳಿಗೆ ಒಂದು ಫೈಲು ಮಾಡಿದ ಕಥೆ

ನಾನು ಜೇವರ್ಗಿ ತಾಲ್ಲೂಕಿನ ಹಳ್ಳಿಯವಳು. ಈಗ ಕಲಬುರಗಿಯಲ್ಲಿ ಒಂದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಕಾಕಾ ತತ್ವಪದ, ಅಂದರೆ ಅನುಭಾವಿ ಗುರುಗಳು ಕಟ್ಟಿದ ಪದ, ಹಾಡುತ್ತಾರೆ, ನಲವತ್ತು ವರ್ಷದಿಂದ. ಅವರ ಜೊತೆ ಪೇಟಿ, ಅಂದರೆ ಹಾರ್ಮೋನಿಯಂ ನುಡಿಸುವವರು ಒಬ್ಬರು, ತಬಲಾ ಒಬ್ಬರು, ದಮ್ಮಡಿ ಎಂಬ ಸಣ್ಣ ಚರ್ಮವಾದ್ಯಕ್ಕೆ ಒಬ್ಬರು, ತಾಳ ಒಬ್ಬರು. ಅಮಾವಾಸ್ಯೆ ರಾತ್ರಿ ಒಂಬತ್ತಕ್ಕೆ ಊರ ಮಠದ ಕಟ್ಟೆ ಮೇಲೆ ಕೂತರೆ ಕೋಳಿ ಕೂಗುವವರೆಗೆ ಏಳುವುದಿಲ್ಲ. ಕಡಕೋಳ ಮಡಿವಾಳಪ್ಪನವರ ಪದ, ಅವರ ಶಿಷ್ಯ ಚೆನ್ನೂರ ಜಲಾಲಸಾಬರ ಪದ, ಖೈನೂರ ಕೃಷ್ಣಪ್ಪನವರ ಪದ. ಒಬ್ಬರೇ ಗುರುವಿನ ಹತ್ತಿರ ಎಲ್ಲ ಜಾತಿ, ಎಲ್ಲ ಧರ್ಮದವರು ಶಿಷ್ಯರಾಗಿ ಕೂತ ನೆಲ ಇದು. ಕಡಕೋಳ ನಮ್ಮಿಂದ ದೂರವೇನಿಲ್ಲ, ಮೊದಲು ಜೇವರ್ಗಿ ತಾಲ್ಲೂಕಿನಲ್ಲೇ ಇತ್ತು, ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದೆ.

ಕಾಕಾಗೆ ನೂರಾರು ಪದ ಬಾಯಿಪಾಠ. ಒಂದೂ ಬರೆದಿಟ್ಟಿಲ್ಲ. ಇಷ್ಟು ವರ್ಷ ಹಾಡಿದ್ದಕ್ಕೆ ಅವರ ಹತ್ತಿರ ಇದ್ದ ಸಾಕ್ಷಿ ಏನು ಗೊತ್ತಾ? ಟ್ರಂಕಿನಲ್ಲಿ ಮಡಚಿಟ್ಟ ಹನ್ನೊಂದು ಶಾಲು. ಅಷ್ಟೇ.

ಇದು ನನಗೆ ಹೊಳೆದದ್ದು ಅಂಗಡಿಯಲ್ಲಿ ಕೂತಾಗ. ಒಬ್ಬ ಅಣ್ಣ ತನ್ನ ತಾಂಡಾದ ಲಂಬಾಣಿ ನೃತ್ಯದ ತಂಡಕ್ಕೆ ಅರ್ಜಿ ಟೈಪ್ ಮಾಡಿಸಲು ಬಂದಿದ್ದ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಬರೆದ ಅರ್ಜಿ. ಅದನ್ನು ಟೈಪ್ ಮಾಡುತ್ತಾ ಮಾಡುತ್ತಾ ನನಗೆ ಗೊತ್ತಾಯಿತು: ಜಿಲ್ಲೆಯಲ್ಲಿ ವರ್ಷವಿಡೀ ಏನೇನೋ ಕಾರ್ಯಕ್ರಮ ಇರುತ್ತವೆ, ಮಕ್ಕಳಿಗೆ ಚಿಗುರು, ಹುಡುಗ ಹುಡುಗಿಯರಿಗೆ ಯುವ ಸೌರಭ, ಉಳಿದವರಿಗೆ ಸಾಂಸ್ಕೃತಿಕ ಸೌರಭ, ಜನಪರ ಉತ್ಸವ, ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವ, ಇವಕ್ಕೆಲ್ಲ ಹಾಡುವವರು, ಕುಣಿಯುವವರು ಬೇಕಾಗುತ್ತಾರೆ, ಸಂಭಾವನೆಯನ್ನೂ ಕೊಡುತ್ತಾರೆ. ಇಪ್ಪತ್ತು ನಿಮಿಷದ ಟೈಪಿಂಗ್ ಅದು. ಆ ಇಪ್ಪತ್ತು ನಿಮಿಷದಲ್ಲಿ ಗೊತ್ತಾದ ವಿಷಯ ನಮ್ಮ ಊರಿಗೆ ನಲವತ್ತು ವರ್ಷ ಬಂದಿರಲಿಲ್ಲ. ನನಗೆ ಬಹಳ ಸಂಕಟ ಆಯಿತು.

ಆ ವಾರವೇ ಊರಿಗೆ ಹೋದೆ. ಕಾಕಾಗೆ ಹೇಳಿದೆ.

"ಯವ್ವಾ, ನಾವು ದೇವರ ಮುಂದ ಹಾಡೋರು. ಅರ್ಜಿ ಬರದು ಹಾಡೋದು ಎಂಥದ?" ಅಂದರು.

"ಕಾಕಾ, ಅರ್ಜಿ ನಾ ಬರಿತೀನಿ. ನೀವು ಹಾಡ್ರಿ."

ಅವರು ನಕ್ಕರು. ಬೇಡ ಅನ್ನಲಿಲ್ಲ.

ಮೊದಲ ತೊಡಕು ಹೆಸರಿನದು. ಮಂಡಳಿಗೆ ಹೆಸರೇ ಇರಲಿಲ್ಲ. ಸುತ್ತಮುತ್ತಲಿನ ಊರವರು "ಆ ಊರ ಭಜನಿಯವರು" ಅನ್ನುತ್ತಿದ್ದರು. ಕೊನೆಗೆ ಊರಿನ ಹೆಸರನ್ನೇ ಇಟ್ಟೆವು. ಎರಡನೆಯದು ನೋಂದಣಿ. ನಮ್ಮ ರಾಜ್ಯದ ಸಂಘಗಳ ನೋಂದಣಿ ಕಾಯ್ದೆ 1960ರದು, ಅದರ ಪ್ರಕಾರ ಸಂಘ ಕಟ್ಟಲು ಕಡಿಮೆ ಅಂದರೂ ಏಳು ಜನ ಬೇಕು. ನಾವು ಐದು ಜನ. ಒಬ್ಬಳೇ ಕಲಾವಿದೆ, ಐದು ಜನರ ಮೇಳ, ಹೀಗೆ ನೋಂದಣಿ ಇಲ್ಲದೆಯೂ ಕಾರ್ಯಕ್ರಮಕ್ಕೆ ಅರ್ಜಿ ಹಾಕಬಹುದು. ಆದರೆ ಸಂಘಕ್ಕೆ ಧನಸಹಾಯ ಬೇಕು, ನಾವೇ ಒಂದು ಕಾರ್ಯಕ್ರಮ ಮಾಡಬೇಕು ಅಂದರೆ ನೋಂದಣಿ ಪತ್ರ, ಸಂಘದ ಹೆಸರಲ್ಲಿ ಬ್ಯಾಂಕ್ ಖಾತೆ, ಪ್ಯಾನ್ ಕಾರ್ಡ್, ಆಡಿಟ್ ವರದಿ ಎಲ್ಲ ಕೇಳುತ್ತಾರೆ. ಇವತ್ತಲ್ಲ ನಾಳೆ ಬೇಕಾಗುತ್ತದೆ, ಈಗಲೇ ಮಾಡಿಬಿಡೋಣ ಅಂದೆ.

ಇನ್ನಿಬ್ಬರು ಯಾರು? ಊರಲ್ಲಿ ಹಾಡುವ ಗಂಡಸರು ಬೇರೆ ಇರಲಿಲ್ಲ. ಹಾಡುವ ಹೆಂಗಸರು ಇದ್ದರು. ನಮ್ಮ ಅತ್ತಿ ಬೀಸುಕಲ್ಲಿನ ಪದ, ಸೋಬಾನ ಪದ ಹಾಡುತ್ತಾರೆ. ಓಣಿಯ ಇನ್ನೊಬ್ಬ ಅಮ್ಮ ಮೊಹರಂ ಪದ ಹಾಡುತ್ತಾರೆ. ಇಬ್ಬರೂ ಅಮಾವಾಸ್ಯೆ ಭಜನೆಗೆ ಬರುತ್ತಿದ್ದರು, ಆದರೆ ಕಟ್ಟೆ ಕೆಳಗೆ ಕೂತು ಕೇಳುತ್ತಿದ್ದರು. ಏಳು ಜನ ಬೇಕು ಎಂಬ ಆ ಕಾಯ್ದೆಯಿಂದ ಅವರು ಕಟ್ಟೆ ಮೇಲೆ ಬಂದರು. ಮೊದಲ ದಿನ ಅತ್ತಿ ಸೆರಗು ಹೊದ್ದು ಕಂಬದ ಮರೆಗೆ ಕೂತಿದ್ದರು. ಈಗ ಪಲ್ಲವಿ ಎತ್ತುವುದೇ ಅವರು. ಇಡೀ ಓಡಾಟದಲ್ಲಿ ನನಗೆ ಅತಿ ಖುಷಿ ಕೊಟ್ಟ ಸಂಗತಿ ಇದೇ.

ಇನ್ನು ಸಾಕ್ಷಿ. ಹಿಂದೆ ಎಲ್ಲಿ ಹಾಡಿದ್ದೀರಿ ಎಂದು ಕೇಳಿದರೆ ತೋರಿಸಲು ಏನೂ ಇಲ್ಲ. ಜಾತ್ರೆಯಲ್ಲಿ ಹಾಡಿದರೆ ತೆಂಗಿನಕಾಯಿ, ಶಾಲು, ಊಟ ಕೊಡುತ್ತಾರೆ. ಪತ್ರ ಕೊಡುವುದಿಲ್ಲ, ಅದು ಅವರ ತಪ್ಪೂ ಅಲ್ಲ. ನಾನು ಊರೂರು ತಿರುಗಿದೆ. ಭಾನುವಾರ ಭಾನುವಾರ ಬಸ್ ಹತ್ತಿ, ಯಾವ ಯಾವ ಊರಿನಲ್ಲಿ ಕಾಕಾ ಹಾಡಿದ್ದರೋ ಅಲ್ಲಿನ ಜಾತ್ರಾ ಸಮಿತಿಯವರನ್ನು, ಮಠದವರನ್ನು, ಗ್ರಾಮ ಪಂಚಾಯಿತಿಯವರನ್ನು ಕೇಳಿದೆ. ಪತ್ರವನ್ನು ನಾನೇ ಅಂಗಡಿಯಲ್ಲಿ ಟೈಪ್ ಮಾಡಿ ಒಯ್ಯುತ್ತಿದ್ದೆ, ಅವರು ಓದಿ ಸಹಿ, ಸಿಕ್ಕೆ ಹಾಕಿದರೆ ಸಾಕು. ಬಹಳ ಜನ ಪ್ರೀತಿಯಿಂದ ಹಾಕಿಕೊಟ್ಟರು. ಒಂದು ಊರಿನ ಮುತ್ಯಾ ಮಾತ್ರ ಪತ್ರ ನೋಡಿ, "ಇದರಾಗ ಹತ್ತು ವರ್ಷದಿಂದ ಹಾಡ್ಯಾರ ಅಂತ ಬರದೀದಿ, ಖರೇ ಹೇಳಬೇಕಂದ್ರ ಇಪ್ಪತ್ತಾರು ವರ್ಷ ಆಗ್ಯಾದ, ತಿದ್ದಿಕೊಂಡು ಬಾ" ಅಂದರು. ಮತ್ತೆ ಹೋಗಿ ಬಂದೆ. ಬಸ್ ಚಾರ್ಜ್ ಹೋದದ್ದು ನೆನಪಿಲ್ಲ, ಆ ಮುತ್ಯಾ ವರ್ಷ ಎಣಿಸಿ ಇಟ್ಟುಕೊಂಡಿದ್ದರಲ್ಲ, ಅದು ನೆನಪಿದೆ.

ಫೋಟೋ ವಿಷಯ ಒಂದು ಹೇಳಲೇಬೇಕು. ನಮ್ಮ ಹತ್ತಿರ ಇದ್ದ ಹಳೆಯ ಫೋಟೋಗಳಲ್ಲಿ ಹಾಡುವವರ ಮುಖ ಇದೆ, ಹಿಂದಿನ ಬ್ಯಾನರ್ ಇಲ್ಲ. ಅಂಥ ಫೋಟೋ ಎಲ್ಲಿಯದು, ಯಾವಾಗಿನದು ಅಂತ ಯಾರಿಗೆ ಗೊತ್ತಾಗಬೇಕು? ಈಗ ನಾನು ಪ್ರತಿ ಕಾರ್ಯಕ್ರಮದಲ್ಲೂ ಬ್ಯಾನರ್, ತಾರೀಖು ಮತ್ತು ಏಳೂ ಜನ ಕಾಣುವ ಹಾಗೆ ಒಂದು ಫೋಟೋ ತೆಗೆಸುತ್ತೇನೆ. ಆಹ್ವಾನ ಪತ್ರಿಕೆ ಎರಡು ಪ್ರತಿ ಕೇಳಿ ಇಟ್ಟುಕೊಳ್ಳುತ್ತೇನೆ. ಪೇಪರಿನಲ್ಲಿ ನಾಲ್ಕು ಸಾಲು ಬಂದರೂ ಕತ್ತರಿಸಿ, ಮೇಲೆ ಪತ್ರಿಕೆಯ ಹೆಸರು ಮತ್ತು ದಿನಾಂಕ ಬರುವ ಹಾಗೆ ಝೆರಾಕ್ಸ್ ತೆಗೆದು ಫೈಲಿಗೆ ಹಾಕುತ್ತೇನೆ.

ಈ ಫೈಲು ಕಟ್ಟುವ ಹೊತ್ತಿನಲ್ಲೇ ಆಕಾಶವಾಣಿಯ ಯೋಚನೆ ಬಂತು. ಕಲಬುರಗಿ ಆಕಾಶವಾಣಿ 1966ರಿಂದ ಇದೆ. ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದೇ ಅದರಿಂದ. ಅಲ್ಲಿ ಹಾಡಬೇಕಾದರೆ ಧ್ವನಿ ಪರೀಕ್ಷೆ, ಅಂದರೆ ಆಡಿಷನ್ ಪಾಸಾಗಬೇಕು. ಪಾಸಾದವರಿಗೆ ಬಿ, ಬಿ ಹೈ, ಎ ಎಂದು ಗ್ರೇಡ್ ಕೊಡುತ್ತಾರೆ. ಜಾನಪದಕ್ಕೂ ಇದೆ, ತಂಡಕ್ಕೂ ಇದೆ. ಅರ್ಜಿ, ಶುಲ್ಕ, ಹಾಡಲಿರುವ ಪದಗಳ ಪಟ್ಟಿ ಕೊಟ್ಟು ಬಂದೆವು. ಕರೆ ಬರುವವರೆಗೆ ತಿಂಗಳುಗಟ್ಟಲೆ ಕಾದೆವು.

ಮೊದಲ ಸಲ ನಾವು ಪಾಸಾಗಲಿಲ್ಲ.

ಅವತ್ತು ಏನಾಯಿತು ಅಂತ ಬಿಡಿಸಿ ಹೇಳುತ್ತೇನೆ, ಬೇರೆಯವರಿಗೆ ಉಪಯೋಗ ಆಗಬಹುದು. ಸ್ಟುಡಿಯೋ ಒಳಗೆ ನಾವು ಮಾತ್ರ. ತೀರ್ಪು ಕೊಡುವವರು ಬೇರೆ ಕೋಣೆಯಲ್ಲಿ ಕೂತು ಸ್ಪೀಕರಿನಲ್ಲಿ ಕೇಳುತ್ತಾರೆ. ಅವರಿಗೆ ನಮ್ಮ ಮುಖ ಕಾಣುವುದಿಲ್ಲ. ಕಾಕಾ ಜೀವನಪೂರ್ತಿ ಎದುರಿಗೆ ಜನ ಕೂತಿದ್ದಾಗ ಹಾಡಿದವರು, ಯಾರೋ ಒಬ್ಬರು ತಲೆದೂಗಿದರೆ ಅವರ ಧ್ವನಿ ಏರುತ್ತದೆ, ಯಾರೋ ಕಣ್ಣು ಒರೆಸಿಕೊಂಡರೆ ಅದೇ ನುಡಿಯನ್ನು ಮತ್ತೆ ಹಾಡುತ್ತಾರೆ. ಇಲ್ಲಿ ಎದುರಿಗೆ ಇದ್ದದ್ದು ಗೋಡೆ, ಒಂದು ಗಡಿಯಾರ, ಒಂದು ಕೆಂಪು ದೀಪ. ದೀಪ ಹತ್ತಿತು. ಕಾಕಾ ರೂಢಿಯಂತೆ ಗುರುಸ್ತುತಿಯಿಂದ ಶುರು ಮಾಡಿದರು. ಅದೇ ಐದಾರು ನಿಮಿಷ ಹೋಯಿತು. ಪದಕ್ಕೆ ಬಂದು ಒಂದು ನುಡಿ ಮುಗಿಯುವುದರೊಳಗೆ ಒಳಗಿನಿಂದ "ಸಾಕು, ಇನ್ನೊಂದು ಹಾಡಿ" ಎಂಬ ಮಾತು ಬಂತು. ಎಲ್ಲರೂ ಗಾಬರಿಯಾದರು. ಎರಡನೆಯ ಪದದ ಲಯ ಓಡಿಹೋಯಿತು.

ಪಾಸಾಗಿಲ್ಲ ಎಂಬ ಪತ್ರ ಬಂದಾಗ ಕಾಕಾ ಏನೂ ಮಾತಾಡಲಿಲ್ಲ. ಆ ಅಮಾವಾಸ್ಯೆಗೆ ಹಾಡಿದರು, ಆದರೆ ಮೂರು ಪದಕ್ಕೇ ಎದ್ದರು. ಮಳೆ ಬಂದರೂ ಏಳದ ಮನುಷ್ಯ. ನಾನು ರಾತ್ರಿಯೆಲ್ಲ ಅತ್ತೆ. ಅವರನ್ನು ಸುಮ್ನೆ ಕಟ್ಟೆ ಮೇಲೆ ಬಿಟ್ಟಿದ್ದರೆ ಚೆನ್ನಾಗಿತ್ತೇನೋ ಅನ್ನಿಸಿತು.

ಮತ್ತೆ ಅರ್ಜಿ ಹಾಕಲು ಒಂದಷ್ಟು ತಿಂಗಳು ಕಾಯಬೇಕಿತ್ತು. ಆ ತಿಂಗಳುಗಳಲ್ಲಿ ನಾನು ಗ್ರೇಡ್ ಸಿಕ್ಕ ಒಬ್ಬ ಹಿರಿಯ ತಬಲಾ ಕಲಾವಿದರನ್ನು ಹುಡುಕಿಕೊಂಡು ಹೋದೆ. ಮೊಬೈಲಿನಲ್ಲಿ ಹಿಡಿದ ನಮ್ಮ ಹಾಡು ಕೇಳಿಸಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಹೇಳಿದ್ದು ಮೂರೇ ಮಾತು. ಪೇಟಿಯ ಒಂದು ಸ್ವರ ಇಳಿದಿದೆ, ಅದನ್ನು ಮೊದಲು ರಿಪೇರಿ ಮಾಡಿಸಿ. ತಾಳ ಹಾಕುವವರು ಮೈಕಿನಿಂದ ದೂರ ಕೂಡಬೇಕು, ಇಲ್ಲವಾದರೆ ಬರೀ ತಾಳವೇ ಕೇಳುತ್ತದೆ, ಹಾಡು ಮುಳುಗುತ್ತದೆ. ಮತ್ತೆ, ಒಂದು ಪದವನ್ನು ಐದು ನಿಮಿಷದಲ್ಲಿ ಮುಗಿಸಲು ಕಲಿಯಿರಿ.

ಮೂರನೆಯದನ್ನು ಕಾಕಾಗೆ ಹೇಳುವುದು ಕಷ್ಟವಾಯಿತು.

"ಪದ ಅಂದ್ರ ಸೀರಿ ಏನು, ಅಳತಿಗೆ ಕತ್ತರಿಸಾಕ?" ಅಂದರು. ಸಿಟ್ಟು ಬಂದಿತ್ತು. ಬರಬೇಕಾದ್ದೇ. ತತ್ವಪದದಲ್ಲಿ ಒಂದೊಂದು ನುಡಿ ಒಂದೊಂದು ಮೆಟ್ಟಿಲು. ನಡುವೆ ಒಂದು ತೆಗೆದರೆ ಮೇಲೆ ಹತ್ತುವುದು ಹೇಗೆ?

ನಾನು ಗಡಿಯಾರ ಹಿಡಿದು ಕೂತೆ. ಅವರು ಒಂದು ಪದವನ್ನು ಹತ್ತೊಂಬತ್ತು ನಿಮಿಷ ಹಾಡಿದರು. ಅದರಲ್ಲಿ ನುಡಿಗಳು ತೆಗೆದುಕೊಂಡ ಹೊತ್ತು ಎಷ್ಟು, ಪಲ್ಲವಿ ತಿರುತಿರುಗಿ ಬಂದದ್ದು ಎಷ್ಟು, ಬರೀ ಪೇಟಿ ಎಷ್ಟು, ಎಲ್ಲ ಬರೆದುಕೊಂಡೆ. ನುಡಿಗಳಿಗೆ ಹೋದದ್ದು ನಾಲ್ಕು ನಿಮಿಷವೂ ಇರಲಿಲ್ಲ! ಪ್ರತಿ ನುಡಿ ಆದಮೇಲೆ ಪಲ್ಲವಿಯನ್ನು ಆರೇಳು ಸಲ ತಿರುಗಿಸುತ್ತಿದ್ದರು, ಜನ ಕೂಡಿ ಹಾಡಲಿ ಅಂತ. ಕಟ್ಟೆ ಮೇಲೆ ಅದು ಬೇಕೇ ಬೇಕು. ಸ್ಟುಡಿಯೋದಲ್ಲಿ ಕೂಡಿ ಹಾಡುವ ಜನ ಇಲ್ಲ. ಹಾಗಾಗಿ ಪಲ್ಲವಿ ಒಂದೇ ಸಲ, ನುಡಿ ಒಂದನ್ನೂ ಬಿಡುವುದಿಲ್ಲ, ಕೊನೆಯ ಅಂಕಿತದ ನುಡಿ ಅವಸರ ಮಾಡದೆ ಹಾಡುವುದು ಎಂದು ಮಾತಾಯಿತು. ಕಾಕಾ ಆ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಆಮೇಲೆ "ಹಂಗಾದ್ರ ಪದಕ್ಕ ಏನೂ ಆಗಲಿಲ್ಲ" ಅಂದರು.

ತೊಗರಿ ರಾಶಿ ಮುಗಿದ ಮೇಲೆ ದಿನಾ ಸಂಜೆ ಅಭ್ಯಾಸ. ಅತ್ತಿ ರೊಟ್ಟಿ ಬಡಿದು ಕೈ ತೊಳೆದು ನೇರ ಬರುತ್ತಿದ್ದರು. ಎದುರಿಗೆ ಯಾರೂ ಇಲ್ಲದೆ ಹಾಡುವುದು ರೂಢಿ ಆಗಲಿ ಅಂತ ಗೋಡೆ ಕಡೆ ಮುಖ ಮಾಡಿ ಕೂಡಿಸಿದೆ. ಎರಡನೆಯ ಸಲ ಸ್ಟುಡಿಯೋದಲ್ಲಿ ಕಾಕಾ ಕಣ್ಣು ಮುಚ್ಚಿಕೊಂಡು ಹಾಡಿದರು. ಗಡಿಯಾರ ನೋಡುವ ಕೆಲಸ ತಬಲಾದವರಿಗೆ ವಹಿಸಿದ್ದೆವು. ಒಳಗಿನಿಂದ "ಸಾಕು" ಎಂಬ ಮಾತು ಬರಲಿಲ್ಲ, ಪದ ಪೂರ್ತಿ ಆಯಿತು.

ಬಿ ಗ್ರೇಡ್ ಸಿಕ್ಕಿತು. ವರ್ಷಕ್ಕೆ ಕೆಲವೇ ರೆಕಾರ್ಡಿಂಗ್ ಸಿಗುತ್ತವೆ. ದುಡ್ಡು ಬ್ಯಾಂಕ್ ಖಾತೆಗೆ ಬರುತ್ತದೆ, ಏಳು ಜನ ಹಂಚಿಕೊಂಡರೆ ದೊಡ್ಡ ಮೊತ್ತವೇನಲ್ಲ. ಆದರೆ ಆ ಪತ್ರದ ಬೆಲೆ ಬೇರೆ. ಅದನ್ನು ಫೈಲಿನ ಮೊದಲ ಹಾಳೆ ಮಾಡಿ ಇಟ್ಟಮೇಲೆ ಬೇರೆ ಕಡೆ ನಮ್ಮ ಅರ್ಜಿ ನೋಡುವ ರೀತಿಯೇ ಬದಲಾಯಿತು. ಹಾಡು ರೇಡಿಯೋದಲ್ಲಿ ಬಂದ ದಿನ ಊರ ಹೋಟೆಲ್ ಮುಂದೆ ಜನ ಸೇರಿದ್ದರು, ಮಿರ್ಚಿ ಭಜಿ ಕರಿಯುವವರು ಬಾಣಲೆ ಇಳಿಸಿಬಿಟ್ಟಿದ್ದರು, ಸದ್ದಾಗಬಾರದು ಅಂತ.

ಕಾರ್ಯಕ್ರಮಗಳು ಬರತೊಡಗಿದವು. ಒಂದು ಸಲ ಎಸ್.ಎಂ. ಪಂಡಿತ ರಂಗಮಂದಿರದಲ್ಲೂ ಹಾಡಿದೆವು. ಪಂಡಿತರು 1916ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಚಿತ್ರಕಾರರು, ಅವರು ಬರೆದ ದೇವರ ಚಿತ್ರದ ಕ್ಯಾಲೆಂಡರ್ ಎಷ್ಟೋ ಮನೆಗಳ ಗೋಡೆ ಮೇಲೆ ಇದ್ದವು. ಒಳಗೆ ಹೋಗುವಾಗ ಇದನ್ನು ಹೇಳಿದೆ. ಕಾಕಾ ಚಪ್ಪಲಿ ಬಿಟ್ಟು ಹೊಸ್ತಿಲಿಗೆ ಕೈ ಮುಟ್ಟಿ ಹಣೆಗೆ ಒತ್ತಿಕೊಂಡರು.

ಎಲ್ಲ ಕಡೆ ಹೀಗೇ ಇರಲಿಲ್ಲ. ಒಂದು ಕಡೆ ಸಂಜೆ ಆರಕ್ಕೆ ಬನ್ನಿ ಎಂದು ಕರೆದು ರಾತ್ರಿ ಹನ್ನೊಂದೂವರೆಗೆ ವೇದಿಕೆ ಕೊಟ್ಟರು, ಅದೂ ಒಂದೇ ಪದಕ್ಕೆ. ಅಷ್ಟೊತ್ತಿಗೆ ಕುರ್ಚಿ ಎತ್ತಿಡುತ್ತಿದ್ದರು. ಇನ್ನೊಂದು ಕಡೆ ನಮ್ಮನ್ನು ವೇದಿಕೆಗೆ ಕರೆಯಲೇ ಇಲ್ಲ. ಮೆರವಣಿಗೆಯಲ್ಲಿ ಗಣ್ಯರ ಮುಂದೆ ತಾಳ ಬಾರಿಸುತ್ತಾ ನಡೆಯಿರಿ ಅಂದರು. ಕಲಬುರಗಿ ಬಿಸಿಲು ಗೊತ್ತಲ್ವಾ? ಅರವತ್ತು ದಾಟಿದವರು ಎರಡು ಗಂಟೆ ಟಾರ್ ರೋಡಿನ ಮೇಲೆ ನಡೆದರು. ತತ್ವಪದ ಕೂತು ಕೇಳುವ ಹಾಡು, ಅದನ್ನು ಯಾರೂ ಕೇಳಲಿಲ್ಲ. ಮತ್ತೊಂದು ಕಡೆ ಸಂಭಾವನೆ ಬರಲು ಎಂಟು ತಿಂಗಳು ಹಿಡಿಯಿತು. ಇವೆಲ್ಲ ಆದಮೇಲೆ ನಾನು ಒಂದು ಹಾಳೆ ತಯಾರು ಮಾಡಿದೆ. ಎಷ್ಟು ಹೊತ್ತಿಗೆ ವೇದಿಕೆ, ಎಷ್ಟು ನಿಮಿಷ, ಕೂತು ಹಾಡಲು ಜಮಖಾನ ಇದೆಯಾ, ಊಟ ಮತ್ತು ಬಸ್ ಚಾರ್ಜ್ ಯಾರದು, ಸಂಭಾವನೆ ಯಾವಾಗ. ಕರೆದವರಿಗೆ ಮೊದಲೇ ಕಳಿಸಿ ಉತ್ತರ ಕೇಳುತ್ತೇನೆ. ಮೆರವಣಿಗೆ ಆದರೆ ಬರುವುದಿಲ್ಲ ಎಂದು ನೇರವಾಗಿ ಹೇಳುತ್ತೇನೆ. ಎರಡು ಕಾರ್ಯಕ್ರಮ ಕೈತಪ್ಪಿದವು. ಹೋಗಲಿ.

ನನ್ನದೇ ಒಂದು ನೋವೂ ಇದೆ. ಕೇಂದ್ರ ಸಂಸ್ಕೃತಿ ಸಚಿವಾಲಯದಿಂದ ಯುವ ಕಲಾವಿದರಿಗೆ ವಿದ್ಯಾರ್ಥಿವೇತನ ಇದೆ. ತಿಂಗಳಿಗೆ 5000 ರೂಪಾಯಿ, ಎರಡು ವರ್ಷ, ಗುರುವಿನ ಹತ್ತಿರ ಕೂತು ಕಲಿಯಲು. ಜಾನಪದ ಕಲೆಗಳೂ ಅದರಲ್ಲಿ ಬರುತ್ತವೆ. ವಯಸ್ಸು 18ರಿಂದ 25. ನನಗೆ ಅದು ಗೊತ್ತಾದಾಗ 26 ನಡೆಯುತ್ತಿತ್ತು. ಕಾಕಾ ಹತ್ತಿರ ಪದ ಕಲಿಯಲು ನನಗೆ ಯಾರೂ ದುಡ್ಡು ಕೊಡಬೇಕಿಲ್ಲ, ಅದು ಬೇರೆ ಮಾತು. ಆದರೆ ಆ ಎರಡು ವರ್ಷ ಅಂಗಡಿ ಬಿಟ್ಟು ಊರಲ್ಲೇ ಇದ್ದು ಎಲ್ಲ ಪದಗಳನ್ನೂ ಬರೆದುಕೊಳ್ಳಬಹುದಿತ್ತಲ್ಲ. ನಿಮ್ಮ ಮನೆಯಲ್ಲಿ ಹಾಡುವ, ನುಡಿಸುವ ಹುಡುಗರಿದ್ದರೆ ಇವತ್ತೇ ಹೇಳಿ. ಹಾಗೇ ನಾಗಪುರ ಮತ್ತು ತಂಜಾವೂರಿನ ವಲಯ ಸಾಂಸ್ಕೃತಿಕ ಕೇಂದ್ರಗಳು, ಎರಡರಲ್ಲೂ ಕರ್ನಾಟಕ ಸೇರಿದೆ. ಬಹಳ ತಂಡಗಳಿಗೆ ಇದು ಗೊತ್ತಿಲ್ಲ. ನಾವು ಎರಡಕ್ಕೂ ತಂಡದ ವಿವರ ಕಳಿಸಿದ್ದೇವೆ, ಇನ್ನೂ ಕರೆ ಬಂದಿಲ್ಲ.

ಈಗ ನಡೆದಿರುವುದು ಕಾಕಾನ ಮಾಸಾಶನದ ಕೆಲಸ. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಹಣ ಅದು. 58 ವರ್ಷ ಆಗಿರಬೇಕು, ಅರ್ಜಿ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ. ಕಾಕಾಗೆ ಅರವತ್ತೆರಡು, ಇದು ಊರಿಗೆಲ್ಲ ಗೊತ್ತು. ಆದರೆ ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದು ಹಾಕಿ ಯಾರೋ ಅಂದಾಜಿನ ವರ್ಷ ಬರೆದಿದ್ದಾರೆ, ಆ ಲೆಕ್ಕದಲ್ಲಿ ಅವರಿಗೆ ಐವತ್ತೈದು. ಕಾಕಾ ಮೂರನೇ ಇಯತ್ತೆಯವರೆಗೆ ಓದಿದ್ದರು. ಹಳೆಯ ಶಾಲೆಗೆ ಹೋಗಿ ದಾಖಲೆ ಪುಸ್ತಕ ತೆಗೆಸಿದೆ. ಹಾಳೆಗಳು ಮುಟ್ಟಿದರೆ ಮುರಿಯುವ ಹಾಗಿದ್ದವು. ಮಾಸ್ತರರು ನಿಧಾನವಾಗಿ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಹುಡುಕಿದರು. ಸಿಕ್ಕಿತು. ಹೆಸರು, ನಮ್ಮ ಮುತ್ಯಾನ ಹೆಸರು, ಹುಟ್ಟಿದ ದಿನ. ಆ ದಾಖಲೆ ಕೊಟ್ಟು ಆಧಾರ್ ತಿದ್ದಿಸಿದೆ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತಂದೆ. ಊರೂರು ತಿರುಗಿ ಕೂಡಿಸಿದ್ದ ಆ ಎಲ್ಲ ಪತ್ರಗಳು ಇಲ್ಲಿ ಕೆಲಸಕ್ಕೆ ಬಂದವು, ಇಪ್ಪತ್ತಾರು ವರ್ಷ ಎಂದು ತಿದ್ದಿಸಿದ ಆ ಮುತ್ಯಾನ ಪತ್ರ ಎಲ್ಲಕ್ಕಿಂತ ಮೇಲೆ.

ಅರ್ಜಿ ಹಾಕಿದ್ದೇನೆ. ಪರಿಶೀಲನೆಯಲ್ಲಿದೆ ಎಂದು ತೋರಿಸುತ್ತಿದೆ. ದಿನಾ ಅಂಗಡಿ ತೆರೆದ ಕೂಡಲೇ ಒಮ್ಮೆ ನೋಡುತ್ತೇನೆ.

ಅಂಗಡಿಗೆ ಈಗ ಬೇರೆ ಊರಿನ ಮೇಳದವರೂ ಬರುತ್ತಾರೆ. ಮೊನ್ನೆ ಸುರಪುರ ಕಡೆಯಿಂದ ಚೌಡಿಕೆ ಎಂಬ ತಂತಿವಾದ್ಯ ಮೀಟಿ ಪದ ಹಾಡುವ ಅಮ್ಮ ಒಬ್ಬರು ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಒಳಗೆ ರೇಷನ್ ಕಾರ್ಡ್, ಆಧಾರ್, ಮಡಚಿದ ಎರಡು ಶಾಲು. "ಇವಿಷ್ಟೇ ಅದಾವ ನೋಡವ್ವ" ಅಂದರು. ಕೂಡಿಸಿ ಚಹಾ ತರಿಸಿದೆ. ಯಾವ ಯಾವ ಜಾತ್ರೆಯಲ್ಲಿ ಹಾಡಿದ್ದೀರಿ, ನೆನಪು ಮಾಡಿಕೊಂಡು ಹೇಳಿ ಅಂದೆ. ಒಂದೂವರೆ ಪುಟ ಆಯಿತು, ಇನ್ನೂ ಹೇಳುತ್ತಲೇ ಇದ್ದರು.

ನಾಳೆ ಅಮಾವಾಸ್ಯೆ. ರಿಪೇರಿಗೆ ಕೊಟ್ಟ ಪೇಟಿ ಇವತ್ತು ಸಿಗುತ್ತದೆ, ಅದನ್ನು ಎತ್ತಿಕೊಂಡು ನಾಲ್ಕು ಗಂಟೆಯ ಬಸ್ ಹಿಡಿಯಬೇಕು. ಈ ಸಲ ಎರಡು ಪದ ನಾನು ಹಾಡಬೇಕು ಎಂದು ಕಾಕಾ ಹೇಳಿದ್ದಾರೆ.